ಷರಾ ಕಾಲಮ್ಮಿನಲ್ಲಿ ಅಮ್ಮ

ಷರಾ ಎಂಬ ಕಾಲಮ್ಮನ್ನು ಈ ಭೂಮಂಡಲದಲ್ಲಿ ಗಂಭೀರವಾಗಿ ತೆಗೆದುಕೊಂಡ ಏಕೈಕ ಮನುಷ್ಯ ನಮ್ಮಪ್ಪ. ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದರು. ಬಸ್ಸಿನ ನಂಬರು, ಬಂದ ಹೊತ್ತು, ಬಿಟ್ಟ ಹೊತ್ತು, ಇಷ್ಟು ಬರೆದರೆ ಸಂಬಳಕ್ಕೆ ಮೋಸವಿರಲಿಲ್ಲ. ಆದರೆ ರಿಜಿಸ್ಟರಿನ ಬಲಗಡೆ ತುದಿಯಲ್ಲಿ ಎರಡು ಬೆರಳಗಲದ ಖಾಲಿ ಜಾಗವೊಂದಿತ್ತು; ಅದರ ನೆತ್ತಿಯ ಮೇಲೆ ‘ಷರಾ’ ಎಂದು ಅಚ್ಚಾಗಿತ್ತು. ಉಳಿದ ಟೈಮ್ ಕೀಪರುಗಳು ಅಲ್ಲೊಂದು ಅಡ್ಡಗೆರೆ ಎಳೆದು ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ಅಪ್ಪ ಬರೆಯುತ್ತಿದ್ದರು. ‘ಹನ್ನೊಂದು ನಿಮಿಷ ತಡ. ಚಾಲಕನಿಗೆ ಬಿಕ್ಕಳಿಕೆ.’ ‘ಸಕಾಲ. ಆದರೂ ಪ್ರಯಾಣಿಕರು ಸಿಟ್ಟಾಗಿದ್ದಾರೆ. ಕಾರಣ ತಿಳಿಯದು.’ ‘ಬಸ್ಸು ಬಂತು. ಕಂಡಕ್ಟರ್ ಬರಲಿಲ್ಲ.’

“ಷರಾ ಅಂದ್ರೆ ತಂತಿ ಕೊಟ್ಟ ಹಾಗಿರಬೇಕು. ಒಂದು ಮಾತು ಹೆಚ್ಚಾದ್ರೂ ಅದು ಷರಾ ಅಲ್ಲ, ಹರಟೆ,” ಎನ್ನುತ್ತಿದ್ದರು. ಮೇಲಿನವರು ಯಾರೂ ಅದನ್ನು ಓದುವುದಿಲ್ಲ ಎಂಬುದೊಂದೇ ಅವರ ಬಾಳಿನ ಕೊರಗು.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ‘ನಮ್ಮ ಮನೆಯ ಊಟ’ ಎಂಬ ಚಿತ್ರ ಬರೆದುಕೊಂಡು ಬನ್ನಿ ಎಂದರು ಟೀಚರು. ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ. ಮೇಜು, ಮೇಜಿನ ಸುತ್ತ ಅಪ್ಪ, ಅಕ್ಕ, ನಾನು. ಕಾಗದದ ಅಂಚಿನಿಂದ ಒಳಗೆ ಚಾಚಿದ ಒಂದು ಕೈ, ಕೈಯಲ್ಲಿ ಸೌಟು. ಟೀಚರು ಕೆಂಪು ಶಾಯಿಯಲ್ಲಿ ‘ತಾಯಿ ಎಲ್ಲಿ?’ ಎಂದು ಕೇಳಿದ್ದರು. ಎದ್ದು ನಿಂತು ಉತ್ತರ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಕೆಳಗೆ ಸಣ್ಣದಾಗಿ ‘ಅದೇ ಕೈ’ ಎಂದು ಬರೆದು ಮುಚ್ಚಿಟ್ಟೆ.

ಆ ಚಿತ್ರ ಅಪ್ಪನ ಕಣ್ಣಿಗೆ ಬಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಅಮ್ಮ ಎಂದಿನ ಹಾಗೆ ಒಲೆಯ ಪಕ್ಕ ನಿಂತು, ಎಡಗೈಯಲ್ಲಿ ತಟ್ಟೆ ಹಿಡಿದು, ನಮ್ಮದೆಲ್ಲ ಮುಗಿದ ಮೇಲೆ ಉಣ್ಣುತ್ತಿದ್ದಳು. ಮರುದಿನ ಸಂಜೆ ಅಪ್ಪ ಒಂದು ಥೀಮ್ ಪಾರ್ಕಿನ ನಕ್ಷೆ ತಂದು ಹಾಲಿನ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಹೇರಿ ಘೋಷಿಸಿದರು:

“ಬೇಸಿಗೆ ರಜೆಯಲ್ಲಿ ಎರಡು ದಿನ ಹೋಗ್ತಿದ್ದೀವಿ. ನಾಲ್ಕು ಊಟ. ನಾಲ್ಕೂ ಕೂತು ಉಣ್ಣೋ ರೆಸ್ಟೋರೆಂಟಿನಲ್ಲಿ. ಬೇರೆಯವರು ಬಡಿಸ್ತಾರೆ. ಎಲ್ಲರೂ ಕೂರ್ತಾರೆ.” ‘ಎಲ್ಲರೂ’ ಎನ್ನುವಾಗ ಅಡುಗೆಮನೆಯ ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ನಿಂತಿದ್ದ ಅಮ್ಮ, “ನಾಲ್ಕು ಊಟಕ್ಕೆ ಹೋಟೆಲ್ಲಾ? ನಾನು ಡಬ್ಬಿಗೆ ಹಾಕ್ಕೊಂಡು ಬರ್ತೀನಿ ಬಿಡಿ,” ಎಂದಳು.

“ಡಬ್ಬಿ ತಂದ್ರೆ ನೀನೇ ಬಡಿಸ್ತೀಯ.”

“ಮತ್ತೆ ಯಾರು ಬಡಿಸ್ಬೇಕು?”

ಅಪ್ಪನಿಗಿದ್ದ ಆಸೆ ಅಷ್ಟೇ ಆಗಿತ್ತು: ಒಂದೇ ಒಂದು ಊಟ, ಅಮ್ಮ ನಮ್ಮ ಜೊತೆ, ಕುರ್ಚಿಯ ಮೇಲೆ. ಅದಕ್ಕಾಗಿ ಅವರು ವರ್ಷವಿಡೀ ಕೂಡಿಟ್ಟ ರಜೆಯನ್ನೆಲ್ಲ ಸುರಿದಿದ್ದರು. ಆ ಎರಡು ತಿಂಗಳು ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಅಪ್ಪ ಸ್ಕೇಲಿಟ್ಟು ಗೆರೆ ಎಳೆದು ವೇಳಾಪಟ್ಟಿ ಮಾಡಿದರು. ‘ದೈತ್ಯ ಚಕ್ರ: ಸೇರುವುದು 10.05, ಬಿಡುವುದು 10.32. ಮೂತ್ರ ವಿಸರ್ಜನೆ: 12.30 (ಐವರಿಗೂ). ಕೋಟೆ ರೆಸ್ಟೋರೆಂಟ್: ಸೇರುವುದು 12.50.’

“ಅಪ್ಪಾ, ಇದು ಪಾರ್ಕಾ, ಬಸ್ ಡಿಪೋನಾ?” ಎಂದಳು ಹತ್ತನೆಯ ಕ್ಲಾಸಿನ ಅಕ್ಕ. “ನನಗೆ 12.30ಕ್ಕೆ ಬರದಿದ್ರೆ?”

“ಬರುತ್ತೆ. ವೇಳಾಪಟ್ಟಿ ಅಂದ್ಮೇಲೆ ಬರಲೇಬೇಕು.”

ಐದನೆಯವರು ನಮ್ಮ ಸೋದರತ್ತೆ. ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರು. ಎರಡು ಬೀದಿ ಆಚೆ ಇದ್ದರೂ ನಮ್ಮ ಮನೆಯ ಒಲೆ ಉರಿಯಬೇಕಾದರೆ ಅವರ ಅಪ್ಪಣೆ ಬೇಕಿತ್ತು. ಅವರು ಸೋಫಾದ ಮೇಲೆ ಕಾಲು ಮಡಿಸಿ ಕೂತು ನಕ್ಷೆ ನೋಡಿದರು.

“ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ನೀನು ಎರಡು ದಿನಕ್ಕೆ ನಾಲ್ಕು ಸಲ ಕೂತು ಉಣ್ಣೋಕೆ ಹೊರಟಿದ್ದೀಯಲ್ಲೋ!”

“ಆ ಗಾದೇಲಿ ಕೂತು ಅಂದ್ರೆ ಕೆಲಸ ಮಾಡದೆ ಅಂತ ಅರ್ಥ.”

“ಇಲ್ಲೇನು, ಅಲ್ಲಿಗೆ ಹೋಗಿ ಕೆಲಸ ಮಾಡ್ತೀಯೇನೋ?”

ಅಪ್ಪ ನಕ್ಷೆಯನ್ನು ಮಡಿಸಿ ಎತ್ತಿಟ್ಟರು. ಅಷ್ಟರಲ್ಲಿ ಊಟದ ಮೇಜು ಕಾಯ್ದಿರಿಸುವ ಫಾರಮ್ಮು ಅಂಚೆಯಲ್ಲಿ ಬಂತು. ಅದರ ಕೊನೆಯ ಕಾಲಮ್ಮನ್ನು ಕಂಡು ಅಪ್ಪನ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. “ನೋಡೇ, ಇವರಲ್ಲೂ ಷರಾ ಇದೆ!” ಕಳೆದುಹೋದ ತಮ್ಮ ಸಿಕ್ಕಿದರೂ ಅಷ್ಟು ಸಂತೋಷಪಡುತ್ತಿರಲಿಲ್ಲವೇನೋ.

ಪೆನ್ಸಿಲ್ ಕೆತ್ತಿ ಕೂತರು. ರಬ್ಬರು ಹಿಡಿದು ನಾನು ಪಕ್ಕದಲ್ಲಿ. ಮೊದಲು ಬರೆದದ್ದು: ‘ನನ್ನ ಪತ್ನಿ ಮದುವೆಯಾದಾಗಿನಿಂದ, ಅಂದರೆ ಹದಿನೆಂಟು ವರ್ಷದಿಂದ, ನಮ್ಮ ಜೊತೆ ಊಟಕ್ಕೆ ಕೂತಿಲ್ಲ. ಈ ಸಲ ಹೇಗಾದರೂ ಊಟಕ್ಕೆ ಕೂರಿಸಬೇಕು.’ ಓದಿ ನೋಡಿ ಮುಖ ಹುಳ್ಳಗೆ ಮಾಡಿದರು. ಹರಟೆ! ಮದುವೆ ಹೋಯಿತು. ‘ನಮ್ಮ ಜೊತೆ’ ಹೋಯಿತು. ಆಮೇಲೆ, “ಊಟದ ಫಾರಮ್ಮಿನಲ್ಲಿ ‘ಊಟಕ್ಕೆ’ ಅಂತ ಬೇರೆ ಬರೀಬೇಕಾ?” ಎಂದು ನನ್ನ ಕೈಯಿಂದ ರಬ್ಬರು ತೆಗೆದುಕೊಂಡು ಆ ಮಾತನ್ನೂ ಎರಡೂ ಕಡೆ ಉಜ್ಜಿ ಅಳಿಸಿದರು. ಕೊನೆಗೆ ಉಳಿದದ್ದು ಇಷ್ಟು:

‘ಪತ್ನಿ ಹದಿನೆಂಟು ವರ್ಷದಿಂದ ಕೂತಿಲ್ಲ. ಕೂರಿಸಲೇಬೇಕು. ಸಹಕರಿಸಿ.’

ಏನೋ ಎಡವಟ್ಟಾಗಿದೆ ಎಂದು ನನಗೆ ಅನ್ನಿಸಿತು. ಬಾಯಿ ಬಿಡಲಿಲ್ಲ. ನನಗೆ ಬಾಯಿ ಕೊಟ್ಟಿರುವುದು ಉಣ್ಣಲು ಮಾತ್ರ ಎಂದು ಮನೆಮಂದಿಯೆಲ್ಲ ನಂಬಿದ್ದರು. ಆ ನಂಬಿಕೆಯನ್ನು ಕೆಡಿಸುವ ಮನಸ್ಸು ನನಗಿರಲಿಲ್ಲ.

ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಫಾರಮ್ಮಿನಲ್ಲಿ ಪಕ್ಕದ ಮನೆಯ ಕಾಂಪೌಂಡರ್ ಮಾಮನ ನಂಬರು ಕೊಟ್ಟಿದ್ದೆವು. ನಲವತ್ತು ವರ್ಷ ಒಬ್ಬ ಡಾಕ್ಟರ ಪಕ್ಕ ನಿಂತು ಬಾಟಲಿಗೆ ಔಷಧಿ ಸುರಿದು ನಿವೃತ್ತರಾದವರು ಅವರು. “ಡಾಕ್ಟರು ಓದಿ ಡಾಕ್ಟರಾದ್ರು, ನಾನು ನೋಡಿ ಡಾಕ್ಟರಾದೆ,” ಎಂಬುದು ಅವರ ವಾದ. ಎರಡು ವಾರದ ಮೇಲೆ ನಾನು ಅವರ ಮನೆಗೆ ಕತ್ತರಿ ವಾಪಸು ಕೊಡಲು ಹೋಗಿದ್ದಾಗ ಫೋನು ಹೊಡೆದುಕೊಂಡಿತು.

“ಹಲೋ... ಪಾರ್ಕಿನಿಂದಾ? ಹೌದಮ್ಮ, ಪಕ್ಕದ ಮನೆಯೋರೇ... ಪೇಷಂಟಾ? ಯಾವ ಪೇಷಂಟು? ... ಕೂರೋಕಾಗಲ್ವಾ? ... ಹದಿನೆಂಟು ವರ್ಷದಿಂದ್ಲಾ!” ಮಾಮ ರಿಸೀವರಿಗೆ ಕೈ ಅಡ್ಡ ಹಿಡಿದು ಹೆಂಡತಿಯನ್ನು ಕೂಗಿದರು. “ಏ, ಇಲ್ಲಿ ಬಾರೇ! ಪಕ್ಕದ ಮನೆಯಾಕೆ ಕೂತಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ದೀಯಾ?”

ಮಾಮಿ ಕೈ ಒರೆಸಿಕೊಳ್ಳುತ್ತ ಬಂದು ಯೋಚಿಸಿದರು. ಯೋಚಿಸಿದಷ್ಟೂ ಅವರ ಕಣ್ಣು ದೊಡ್ಡದಾಯಿತು. “ಅಯ್ಯೋ ಇಲ್ಲಾರೀ! ನಮ್ಮ ಮನೆಗೆ ಬಂದ್ರೂ ಹೊಸ್ತಿಲಲ್ಲೇ ನಿಲ್ತಾರೆ. ಕೂತ್ಕೊಳ್ಳಿ ಅಂದ್ರೆ, ಒಲೆ ಮೇಲೆ ಇಟ್ಟು ಬಂದಿದ್ದೀನಿ ಅಂತಾರೆ.”

“ಒಲೆ ಮೇಲೆ! ಹದಿನೆಂಟು ವರ್ಷದಿಂದ ಒಲೆ ಮೇಲೆ ಏನಿರುತ್ತೆ? ಎಲ್ಲಾ ನೆಪ!” ಮಾಮ ನನ್ನ ಕಡೆ ಬಗ್ಗಿ, ಡಾಕ್ಟರ ದನಿಯಲ್ಲಿ ಮೆತ್ತಗೆ ಕೇಳಿದರು. “ಪುಟ್ಟೀ, ಹೆದರ್ಬೇಡ. ನಿಮ್ಮಮ್ಮ ಊಟ ಹೇಗೆ ಮಾಡ್ತಾರೆ?”

ಸುಳ್ಳು ಹೇಳಬಾರದೆಂದು ಪಾಠದಲ್ಲಿತ್ತು. “ನಿಂತ್ಕೊಂಡು,” ಎಂದೆ.

“ನೋಡಿದ್ಯಾ!” ಎಂದರು ಮಾಮ, ಹೆಂಡತಿಗೆ. ಆಮೇಲೆ ಫೋನಿಗೆ, “ಹೌದಮ್ಮ. ಕೇಸು ನನಗೆ ಗೊತ್ತಿರೋದೇ. ಸೊಂಟದ್ದು. ಬಹಳ ಗಂಭೀರ. ನೀವು ತಯಾರಿ ಮಾಡ್ಕೊಳ್ಳಿ,” ಎಂದರು.

ನಾನು ಆ ವರ್ಷ ಹೊರಗಿನವರ ಜೊತೆ ಆಡಿದ ಮಾತುಗಳೇ ಹತ್ತೋ ಹನ್ನೆರಡೋ ಇರಬೇಕು. ಅದರಲ್ಲೊಂದು ಇಂಥ ಕೆಲಸ ಮಾಡಿತು.

ಬೀದಿಗೆ ಬೀದಿಯೇ ತಿಳಿದುಕೊಂಡಿತು. ಅಮ್ಮನಿಗೂ ಅಪ್ಪನಿಗೂ ಮಾತ್ರ ತಿಳಿಯಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾರೆಂದು ಎಲ್ಲರೂ ಬಾಯಿ ಬಿಗಿಹಿಡಿದರು. ಬದಲು ದಿಂಬು ತಂದರು. ಹತ್ತಿಯದು, ಗಾಳಿ ಊದುವುದು, ನಡುವೆ ತೂತಿರುವುದು. ದರ್ಜಿಯ ಹೆಂಡತಿ ಒಂದು ದಿಂಬನ್ನು ಅಮ್ಮನ ಕೈಗಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, “ಧೈರ್ಯವಾಗಿರಿ,” ಎಂದು ಓಡಿಹೋದಳು.

“ರೀ, ಈ ಬೀದೀಲಿ ಎಲ್ಲರೂ ಯಾಕೆ ನನಗೆ ದಿಂಬು ಕೊಡ್ತಿದ್ದಾರೆ?” ಎಂದಳು ಅಮ್ಮ, ಏಳು ದಿಂಬುಗಳ ನಡುವೆ ನಿಂತು.

“ಪ್ರಯಾಣಕ್ಕಿರಬೇಕು,” ಎಂದರು ಅಪ್ಪ, ವೇಳಾಪಟ್ಟಿಯಿಂದ ತಲೆ ಎತ್ತದೆ. “ಒಳ್ಳೆ ಜನ.”

ಅತ್ತೆಗೆ ಸುದ್ದಿ ಮುಟ್ಟಿದಾಗ ಮಾತ್ರ ಅವರು ಸೋಫಾದ ಮೇಲೆ ಕೂತು ಸೆರಗಿನಿಂದ ಮೂಗೊರೆಸಿಕೊಂಡರು. ಆಗ ಹಾಲಿನಲ್ಲಿ ಇದ್ದವಳು ನಾನೊಬ್ಬಳೇ. ನನ್ನ ಮುಂದೆ ಹೇಳಿದರೆ ಗೋಡೆಯ ಮುಂದೆ ಹೇಳಿದ ಹಾಗೆ ಎಂಬುದು ಅವರಿಗೂ ಗೊತ್ತಿತ್ತು. “ನಾನು ಬಂದಾಗಲೆಲ್ಲ ಎದ್ದು ನಿಂತೇ ಇರ್ತಿದ್ದಳಲ್ಲೇ! ನಾನದನ್ನ ಮರ್ಯಾದೆ ಅಂದ್ಕೊಂಡಿದ್ದೆ!”

ಹೊರಟೆವು. ಬಸ್ಸಿನಲ್ಲಿ ಸೀಟಿತ್ತು. ಆದರೆ ಅತ್ತೆ, “ಬೇಡಮ್ಮ, ನೀನು ನಿಂತ್ಕೋ. ನಿಂಗೇ ಹಗುರ,” ಎಂದು ಕೂರಲು ಹೋದ ಅಮ್ಮನನ್ನು ತಡೆದು ತಾವು ಕೂತರು. ಅಮ್ಮನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಪಾರ್ಕಿನ ಗೇಟಿನಲ್ಲಿ ನೀಲಿ ಕೋಟಿನ ಮೇಲ್ವಿಚಾರಕಿ, ಒಬ್ಬ ನರ್ಸು, ಹಿಂದೆ ಇಬ್ಬರು ಆಳುಗಳು ನಮಗಾಗಿಯೇ ಕಾದಿದ್ದರು. ಮೇಲ್ವಿಚಾರಕಿಯ ಕೈಯಲ್ಲಿ ಅಪ್ಪನ ಫಾರಮ್ಮು.

“ಸರ್, ನಿಮ್ಮ ಷರಾ ಓದಿದ್ವಿ. ಆಫೀಸಿನಲ್ಲಿ ಎಲ್ಲರೂ ಓದಿದ್ವಿ. ಒಬ್ಬರಿಗೂ ಕಣ್ಣೀರು ತಡೆಯೋಕಾಗಲಿಲ್ಲ.”

ಅಪ್ಪ ಬ್ಯಾಗು ಕೆಳಗಿಟ್ಟರು. ಅಂಗಿಯ ಕಾಲರು ಸರಿಮಾಡಿಕೊಂಡರು. ಎರಡು ದಶಕದಲ್ಲಿ ಮೊದಲ ಸಲ ಅವರ ಷರಾವನ್ನು ಒಂದು ಸಂಸ್ಥೆ ಓದಿತ್ತು. ಆಮೇಲೆ ಆದದ್ದಕ್ಕೆಲ್ಲ ಈ ಒಂದು ಕ್ಷಣವೇ ಕಾರಣ. ಆ ಖುಷಿಯಲ್ಲಿ ಅವರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

“ಕೂರಲಾಗದವರಿಗೆ ಗಾಲಿಕುರ್ಚಿ ಕೊಡೋದು ಹೇಗೆ ಅಂತ ಬಹಳ ಯೋಚಿಸಿದ್ವಿ,” ಎಂದು ಮೇಲ್ವಿಚಾರಕಿ ಪಿಸುಗುಟ್ಟಿ ಕೈ ತೋರಿಸಿದಳು. ಆಳುಗಳು ಒಂದು ಗಾಡಿ ತಳ್ಳಿಕೊಂಡು ಬಂದರು. ಸಂಜೆಯ ಮೆರವಣಿಗೆಯಲ್ಲಿ ಕರಡಿ ವೇಷದವನು ನಿಂತು ಕೈಬೀಸುವ ಗಾಡಿ ಅದು. ಸುತ್ತ ಚಿನ್ನದ ಬಣ್ಣದ ಕಂಬಿ, ಮೇಲೆ ಕೆಂಪು ಕೊಡೆ. ಗಾಲಿಯ ಗಲಾಟೆಯಲ್ಲಿ ಆಕೆಯ ಪಿಸುಮಾತು ಅಪ್ಪನ ಕಿವಿಗೆ ಬೀಳಲಿಲ್ಲ. ಅಮ್ಮನನ್ನು ಹತ್ತಿಸಿದರು.

“ರೀ, ಇದೇನ್ರೀ?”

“ಸುಮ್ನೆ ನಿಂತ್ಕೋ. ಷರಾ ಓದಿದ್ದಾರೆ.”

ಹೀಗೆ ನಮ್ಮಮ್ಮ ಆ ದಿನ ಇಡೀ ಪಾರ್ಕನ್ನು ಕಂಬಿ ಹಿಡಿದು ನಿಂತೇ ಸುತ್ತಿದಳು. ಮಕ್ಕಳು ಯಾರೋ ಮಹಾರಾಣಿಯ ವೇಷವೆಂದು ಹಿಂದೆ ಓಡಿಬಂದವು. ಅಮ್ಮ ಮೊದಲು ನಾಚಿದಳು, ಆಮೇಲೆ ಒಂದು ಬೆರಳು ಆಡಿಸಿದಳು, ಮೂರನೆಯ ತಿರುವಿನ ಹೊತ್ತಿಗೆ ಕೈ ಬೀಸುತ್ತಿದ್ದಳು. ಅಕ್ಕ ತಾನು ಈ ಕುಟುಂಬಕ್ಕೆ ಸೇರಿದವಳೇ ಅಲ್ಲವೆಂಬಂತೆ ನೂರು ಅಡಿ ಹಿಂದೆ ಬರುತ್ತಿದ್ದಳು. ಎಲ್ಲಿ ಹೋದರೂ ಸಾಲು ಬಿಟ್ಟು ಮುಂದೆ ಕಳಿಸಿದರು. ಅಪ್ಪನ ವೇಳಾಪಟ್ಟಿ ಇಪ್ಪತ್ತು ನಿಮಿಷ ಮುಂದೆ ಓಡತೊಡಗಿ, ಸಕಾಲಕ್ಕೆ ತರಲು ಅವರು ನಮ್ಮನ್ನು ಒಂದು ಕಾರಂಜಿಯ ಪಕ್ಕ ಸುಮ್ಮನೆ ನಿಲ್ಲಿಸಿ ಗಡಿಯಾರ ನೋಡಬೇಕಾಯಿತು.

ಆದರೆ ಯಾವ ಆಟದಲ್ಲೂ ಅಮ್ಮನನ್ನು ಕೂರಗೊಡಲಿಲ್ಲ. “ಅಮ್ಮ ಬೇಡ, ಅಮ್ಮ ಬೇಡ,” ಎಂದು ನರ್ಸು ಅಡ್ಡ ನಿಂತಳು. ದೈತ್ಯ ಚಕ್ರದ ತುದಿಯಿಂದ ಕೆಳಗೆ ನೋಡಿದರೆ ಕೆಂಪು ಕೊಡೆಯಡಿ ಅಮ್ಮ, ನಮ್ಮ ನಾಲ್ವರ ಚಪ್ಪಲಿ, ಬ್ಯಾಗು, ನೀರಿನ ಬಾಟಲಿ ಹಿಡಿದು ನಿಂತಿದ್ದಳು.

“ಇರಲಿ,” ಎಂದರು ಅಪ್ಪ, ಪಕ್ಕದಲ್ಲಿ ಕೂತು. “12.50ಕ್ಕೆ ಕೂರ್ತಾಳೆ.”

12.50ಕ್ಕೆ ಸರಿಯಾಗಿ ಕೋಟೆ ರೆಸ್ಟೋರೆಂಟಿನ ಬಾಗಿಲು ತೆರೆಯಿತು. ಬಾಗಿಲಲ್ಲಿ ಮ್ಯಾನೇಜರು, ಪಕ್ಕದಲ್ಲಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಬಡಗಿ. ಹಾಲಿನ ತುಂಬ ಜನ ಹಾಯಾಗಿ ಕೂತು ಉಣ್ಣುತ್ತಿದ್ದರು. ನಟ್ಟನಡುವೆ ನಮ್ಮ ಮೇಜು. ಅದು ಅಪ್ಪನ ಎದೆಮಟ್ಟಕ್ಕಿತ್ತು. ಸುತ್ತ ಒಂದೂ ಕುರ್ಚಿ ಇರಲಿಲ್ಲ.

“ಕೂರಿಸಲೇಬೇಕು ಅಂತ ಬರೆದಿದ್ರಿ, ಆದ್ರೆ ನೋವಿರೋರನ್ನ ಬಲವಂತ ಮಾಡೋಕಾಗುತ್ತಾ? ತಾಯಿಯೋರೊಬ್ಬರೇ ನಿಂತು ಉಣ್ಣೋದು ನೋಡೋಕೆ ಚೆನ್ನಾಗಿರಲ್ಲ ಅಂತ,” ಮ್ಯಾನೇಜರು ಎದೆಯುಬ್ಬಿಸಿದರು, “ಇಡೀ ಕುಟುಂಬಕ್ಕೇ ನಿಲ್ಲೋ ವ್ಯವಸ್ಥೆ ಮಾಡಿಸಿದ್ದೀವಿ. ನಮ್ಮ ಬಡಗಿ ಎರಡು ದಿನ ಕೂತು ಮಾಡಿದ್ದು.”

“ತೇಗದ್ದು,” ಎಂದ ಬಡಗಿ. “ನಾಲ್ಕೂ ಊಟಕ್ಕೆ ಇದೇ ಮೇಜು. ಬೆಳಗಿನ ತಿಂಡಿಗೂ ಎತ್ಕೊಂಡು ಬರ್ತೀವಿ.”

ನನ್ನ ಮೂಗು ಮೇಜಿನ ಅಂಚಿಗೆ ತಾಗುತ್ತಿತ್ತು. ನನಗೊಂದು ಪೆಟ್ಟಿಗೆಯನ್ನೂ ಮಾಡಿಸಿಟ್ಟಿದ್ದರು.

ಅಪ್ಪ ಮೇಜನ್ನು ನೋಡಿದರು. “ನಾನು... ಕೂತು ಉಣ್ಣೋ ಊಟಕ್ಕಲ್ವಾ ಬರೆದದ್ದು?” ಎಂದರು. ದನಿ ಎಲ್ಲೋ ಬಾವಿಯ ತಳದಿಂದ ಬಂದ ಹಾಗಿತ್ತು.

ಮ್ಯಾನೇಜರು ಫಾರಮ್ಮು ಮುಂದೆ ಹಿಡಿದರು. ಅಪ್ಪ ತಮ್ಮದೇ ಷರಾವನ್ನು ಗಟ್ಟಿಯಾಗಿ ಓದಿದರು. ಮೊದಲನೆಯ ಸಲ ಹೆಮ್ಮೆಯಿಂದ ಓದಿದರು. ಎರಡನೆಯ ಸಲ ನಿಧಾನವಾಗಿ ಓದಿದರು. ಮೂರನೆಯ ಸಲ ಓದಲಿಲ್ಲ, ಬೆವರಿದರು.

“ಏನೋ ಮುಚ್ಚಿಟ್ಟಿದ್ದೆ ಇಷ್ಟು ದಿನ!” ಎಂದು ಅತ್ತೆ ಆಗಲೇ ಶುರುಮಾಡಿದರು. “ಸೊಂಟ ಹೋದೋಳನ್ನ ಇಟ್ಕೊಂಡು ನನ್ನ ಕೈಲಿ ಎಷ್ಟು ಚಾಕರಿ ಮಾಡಿಸ್ಕೊಂಡ್ಬಿಟ್ಟೆ! ಅಲ್ಲಲ್ಲ, ಅವಳ ಕೈಲಿ ನಾನು ಮಾಡಿಸ್ಕೊಂಡ್ಬಿಟ್ಟೆ!”

“ಯಾರ ಸೊಂಟ?” ಎಂದಳು ಅಮ್ಮ. ಗಾಡಿಯಿಂದ ಇಳಿದುಬಂದು ಫಾರಮ್ಮು ಕಿತ್ತುಕೊಂಡು ಓದಿದಳು. ಮುಖ ಕೆಂಪಾಯಿತು. “ನನಗೇನಾಗಿದೆ? ಹದಿನೆಂಟು ವರ್ಷದಿಂದ ಕೂತಿಲ್ಲ ಅಂತ ಊರಿಗೆಲ್ಲ ಸಾರಿದ್ದೀರಲ್ಲ! ನಾನು ಕೂತಿಲ್ವಾ? ಮೊನ್ನೆ ತಾನೇ...” ಎಂದು ನಿಲ್ಲಿಸಿದಳು. “ಹೋದ ತಿಂಗಳು ದರ್ಜಿ ಮನೇಲಿ...” ಅಲ್ಲೂ ನಿಂತೇ ಇದ್ದಳು. ಅಮ್ಮ ಬೆರಳು ಮಡಿಸುತ್ತ ನೆನಪಿಸಿಕೊಳ್ಳತೊಡಗಿದಳು. ಒಂದು ಬೆರಳೂ ಪೂರ್ತಿ ಮಡಿಯಲಿಲ್ಲ.

ನಾವೆಲ್ಲ ಕಾದೆವು. ಮ್ಯಾನೇಜರು, ನರ್ಸು, ಬಡಗಿ ಎಲ್ಲರೂ ಕಾದರು.

“ಥೂ,” ಎಂದಳು ಅಮ್ಮ ಕಡೆಗೆ. “ಬೆಳಗಿನಿಂದ ಆ ಕರಡಿ ಗಾಡೀಲಿ ನಿಂತು ನಿಂತು ಕಾಲು ಬಿದ್ದುಹೋಗ್ತಿದೆ ನನಗೆ.” ಪಕ್ಕದ ಮೇಜಿನಿಂದ ಒಂದು ಕುರ್ಚಿ ಎಳೆದುಕೊಂಡು ದೊಪ್ಪನೆ ಕೂತಳು.

ನರ್ಸು ಕಿರುಚಿದಳು. ಮ್ಯಾನೇಜರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. “ಕೂತ್ರು! ಹದಿನೆಂಟು ವರ್ಷದ ಮೇಲೆ ಕೂತ್ರು!” ಎಂದು ಮೇಲ್ವಿಚಾರಕಿ ಕೂಗಿದ್ದೇ ತಡ, ಹಾಲಿನಲ್ಲಿದ್ದ ಇನ್ನೂರು ಜನ ಚಮಚ ಬಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಅಜ್ಜಿ ಬಂದು ಅಮ್ಮನ ಗಲ್ಲ ಸವರಿ ಹೋದರು. ಜಗತ್ತೆಲ್ಲ ನಿಂತಿತ್ತು, ನಮ್ಮಮ್ಮ ಒಬ್ಬಳೇ ಕೂತಿದ್ದಳು. ಅದನ್ನು ನಾನು ನನ್ನ ಪೆಟ್ಟಿಗೆಯ ಮೇಲೆ ನಿಂತು ನೋಡಿದೆ.

ಕೂತ ಅಮ್ಮನ ತಲೆ ಮೇಜಿನ ಕೆಳಗಿತ್ತು. ಬಡಗಿ ಕಿವಿಯ ಪೆನ್ಸಿಲ್ ತೆಗೆದ. “ಒಂದು ಹತ್ತು ನಿಮಿಷ ಕೊಡಿ,” ಎಂದವನೇ ಗರಗಸ ತಂದು, ಎಲ್ಲರೆದುರೇ, ಎರಡು ದಿನ ಕೂತು ಮಾಡಿದ ಮೇಜಿನ ನಾಲ್ಕು ಕಾಲನ್ನೂ ಕುಯ್ದ. ಅವಸರದಲ್ಲಿ ಒಂದು ಕಾಲು ಗಿಡ್ಡವಾಯಿತು. ಕುರ್ಚಿಗಳು ಬಂದವು. ಅಪ್ಪ ಕುಂಟುವ ಮೂಲೆಯನ್ನು ಮೊಣಕಾಲಿನಿಂದ ಎತ್ತಿ ಹಿಡಿದು ಕೂತರು. ಇಡೀ ಊಟದಲ್ಲಿ ಆ ಕಾಲು ಇಳಿಸಲಿಲ್ಲ.

ದೊಡ್ಡ ಬಟ್ಟಲಿನಲ್ಲಿ ಸೂಪು ಬಂತು. ಅಮ್ಮನ ಕೈ ತಾನಾಗಿ ಸೌಟಿಗೆ ಹೋಯಿತು, ಸೊಂಟ ಕುರ್ಚಿಯಿಂದ ಮೇಲೆದ್ದಿತು.

“ಅಮ್ಮಾ, ಏಳ್ಬೇಡಿ!” ಎಂದಳು ನರ್ಸು.

“ಏಳ್ಬೇಡಿ!” ಎಂದಿತು ಇಡೀ ಹಾಲು.

ಅಮ್ಮ ಕೂತಳು. ಬ್ರೆಡ್ಡಿನ ತಟ್ಟೆ ನನ್ನ ಕಡೆ ಸರಿಸಲು ಮತ್ತೆ ಎದ್ದಳು. “ಏಳ್ಬೇಡಿ!” ಮತ್ತೆ ಕೂತಳು. ಮನೆಯಲ್ಲಿ ಅಪ್ಪ ನೂರು ಸಲ ಹೇಳಿದ್ದರೂ ಆಗದ ಕೆಲಸವನ್ನು ಇನ್ನೂರು ಅಪರಿಚಿತರು ಸೇರಿ ಮಾಡಿಸಿದರು. ಕೊನೆಗೆ ಅತ್ತೆ ಸೌಟು ಕಿತ್ತುಕೊಂಡರು. “ಕೂತ್ಕೋ ಅಂದ್ರೆ ಕೂತ್ಕೋಬೇಕಮ್ಮ. ನಾನೇನು ಸೌಟು ಹಿಡಿದೋಳಲ್ವಾ?” ಎಂದು ಎದ್ದು, ಎಲ್ಲರಿಗಿಂತ ಮೊದಲು, ಅಮ್ಮನ ಬಟ್ಟಲಿಗೆ ಸುರಿದರು. ಅರ್ಧ ಮೇಜಿಗೂ ಸುರಿದರು.

ಅಮ್ಮ ಚಮಚ ಬಾಯಿಗಿಟ್ಟಳು. ಇಟ್ಟವಳೇ ಬೆಚ್ಚಿ ತೆಗೆದಳು, ಬಾಯಿಗೆ ಗಾಳಿ ಹಾಕಿಕೊಂಡಳು.

“ಏನಾಯ್ತೇ?” ಎಂದರು ಅಪ್ಪ.

“ನಾಲಿಗೆ ಸುಟ್ಟಿತು.” ಚಮಚದಿಂದ ಏಳುತ್ತಿದ್ದ ಹಬೆಯನ್ನು ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. “ನೀವೆಲ್ಲ ದಿನಾ ಇಷ್ಟು ಬಿಸಿ ಬಿಸಿ ತಿಂತೀರಾ?”

ನಮ್ಮ ಬಾಯಿ ತುಂಬಿತ್ತು.